ನಾನು ತಪ್ಪೆಂದು ತಳ್ಳಿಹಾಕಿದ ಒಂದು ಉತ್ತರ

ಈಚೆಗೆ ಮಸ್ಕಿಯಲ್ಲಿ ಹೈಸ್ಕೂಲು ಮಕ್ಕಳಿಗಾಗಿ ನಡೆದ ಒಂದು ವಿಜ್ಞಾನ ರಸಪ್ರಶ್ನೆಯಲ್ಲಿ ಪ್ರಶ್ನೆ ತಯಾರಿಸಿದವನೂ ತೀರ್ಪು ಕೊಟ್ಟವನೂ ನಾನೇ. ವಿಶ್ವ ಹಿಗ್ಗುತ್ತಿದೆ ಎಂಬುದನ್ನು ಕಂಡುಹಿಡಿದವರು ಯಾರು ಎಂದು ಕೇಳಿದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, "ಲೆಮೆತ್ರ್ ಅಂತ್ರಿ ಸರ್, ಬೆಲ್ಜಿಯಂನವ್ರು" ಎಂದಳು. ನನ್ನ ಹಾಳೆಯಲ್ಲಿ ಅಮೆರಿಕದ ಖಗೋಳಜ್ಞ ಎಡ್ವಿನ್ ಹಬಲ್ ಎಂದಿತ್ತು. ತಪ್ಪು ಎಂದು ಹೇಳಿ ಪ್ರಶ್ನೆಯನ್ನು ಮುಂದಿನ ತಂಡಕ್ಕೆ ದಾಟಿಸಿದೆ. ಅವರು ಹಬಲ್ ಎಂದರು, ಚಪ್ಪಾಳೆ ಬಿತ್ತು. ಆಕೆಯ ತಂಡ ಐದು ಅಂಕಗಳಿಂದ ಸೋತಿತು. ಅಂದು ರಾತ್ರಿ ಕುಳಿತು ಓದಿದ ಮೇಲೆ ನನಗೆ ಅರಿವಾದದ್ದೇನೆಂದರೆ, ಆಕೆಯ ಉತ್ತರ ನನ್ನದಕ್ಕಿಂತ ನಿಜಕ್ಕೆ ಹತ್ತಿರವಾಗಿತ್ತು ಮತ್ತು ಒಂದೇ ಹೆಸರನ್ನು ಬೇಡುವ ನನ್ನ ಪ್ರಶ್ನೆಯೇ ಸರಿಯಿರಲಿಲ್ಲ.

ಹಬಲ್ ದೂರದರ್ಶಕಕ್ಕೆ ಕಣ್ಣಿಟ್ಟ, ಗೆಲಾಕ್ಸಿಗಳು ಓಡುವುದನ್ನು ಕಂಡ, ವಿಶ್ವ ಹಿಗ್ಗುತ್ತಿದೆ ಎಂದು ಸಾರಿದ ಎಂದು ನಾನೂ ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ನಡೆದದ್ದು ಹಾಗಲ್ಲ. ಐನ್‌ಸ್ಟೈನ್ 1915ರ ನವೆಂಬರಿನಲ್ಲಿ ಗುರುತ್ವವನ್ನು ವಿವರಿಸುವ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತವನ್ನು ಮಂಡಿಸಿ, ಎರಡು ವರ್ಷಗಳ ತರುವಾಯ ಅದೇ ಸಮೀಕರಣಗಳನ್ನು ಇಡೀ ವಿಶ್ವಕ್ಕೆ ಅನ್ವಯಿಸಿದಾಗ ಆ ವಿಶ್ವ ನಿಂತಲ್ಲಿ ನಿಲ್ಲಲೊಲ್ಲದು, ದ್ರವ್ಯದ ಗುರುತ್ವದಿಂದ ಕುಸಿಯತೊಡಗುತ್ತದೆ ಎಂಬುದು ಕಂಡುಬಂದಿತು. ಅದನ್ನು ತಡೆದು ನಿಲ್ಲಿಸಲು ಅವರು ಲ್ಯಾಮ್‌ಡಾ ಎಂಬ ಒಂದು ಸ್ಥಿರಾಂಕವನ್ನು ಸೇರಿಸಿದರು. ಇದನ್ನು ಬರೀ ಹಟವೆಂದು ಬಗೆಯುವುದು ಅನ್ಯಾಯವಾದೀತು. ಅಂದು ಅನೇಕ ಖಗೋಳಜ್ಞರ ಪಾಲಿಗೆ ಆಕಾಶಗಂಗೆಯೇ ಇಡೀ ವಿಶ್ವವಾಗಿತ್ತು, ಅದರ ನಕ್ಷತ್ರಗಳ ವೇಗವೂ ಅಲ್ಪವೇ ಆಗಿತ್ತು. 1922ರಲ್ಲಿ ರಷ್ಯದ ಅಲೆಕ್ಸಾಂಡರ್ ಫ್ರೀಡ್‌ಮನ್ ಅವರು ವಿಶ್ವ ನಿಶ್ಚಲವಾಗಿರಲೇಬೇಕೆಂಬ ಪಟ್ಟನ್ನು ಬಿಟ್ಟು, ಹಿಗ್ಗುವ ಮತ್ತು ಕುಗ್ಗುವ ವಿಶ್ವಗಳೆರಡಕ್ಕೂ ಗಣಿತ ಹಾಕಿ ತೋರಿಸಿದರು. ಆ ಫಲಿತಾಂಶ ಅನುಮಾನಾಸ್ಪದವೆಂದು ಬರೆದ ಐನ್‌ಸ್ಟೈನ್, ಮರುವರ್ಷ ಲೆಕ್ಕದಲ್ಲಿ ಎಡವಿದ್ದು ತಾವೇ ಎಂದು ಅಚ್ಚಿನಲ್ಲಿಯೇ ಒಪ್ಪಿಕೊಂಡರು. ಆದರೆ ಫ್ರೀಡ್‌ಮನ್ನರ ಬರಹದಲ್ಲಿ ಒಂದು ಗೆಲಾಕ್ಸಿಯ ಅಳತೆಯೂ ಇರಲಿಲ್ಲ.

ಅಳತೆಗಳು ಬೇರೆ ಕಡೆ ಕೂಡಿಬೀಳುತ್ತಿದ್ದವು. ಅಮೆರಿಕದ ಅರಿಜೋನದಲ್ಲಿರುವ ಲೊವೆಲ್ ವೀಕ್ಷಣಾಲಯದ ವೆಸ್ಟೊ ಸ್ಲೈಫರ್ 1912ರಲ್ಲಿ ಆಂಡ್ರೊಮಿಡಾ ಎಂಬ ನೆಬ್ಯುಲಾದ (ಮಬ್ಬು ಮೋಡದಂತೆ ಕಾಣುವ ಆಕಾಶಕಾಯದ) ಬೆಳಕನ್ನು ಬಣ್ಣಗಳ ರೋಹಿತವಾಗಿ ಬಿಡಿಸಿ ನೋಡಿದಾಗ, ಅದು ಸೆಕೆಂಡಿಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ನಮ್ಮ ಕಡೆಗೇ ಬರುತ್ತಿದೆ ಎಂದು ತಿಳಿಯಿತು. ಹಿಗ್ಗುವ ವಿಶ್ವದ ಕತೆಯ ಮೊದಲ ಅಳತೆಯೇ ಎದುರು ದಿಕ್ಕಿನದು! ಅವರು 1917ರ ಹೊತ್ತಿಗೆ ಅಳೆದಿದ್ದ 25 ನೆಬ್ಯುಲಾಗಳಲ್ಲಿ ಆದರೆ 21 ದೂರ ಸರಿಯುತ್ತಿದ್ದವು. ಹಿಂದೊಮ್ಮೆ ಕರೆಂಟು ಹೋದ ರಾತ್ರಿ ನಮ್ಮ ಮಾಳಿಗೆಯ ಮೇಲಿಂದ ಬೈನಾಕ್ಯುಲರಿನಲ್ಲಿ ಇದೇ ಆಂಡ್ರೊಮಿಡಾವನ್ನು ತೋರಿಸಿದಾಗ ಹುಡುಗನೊಬ್ಬ, "ಹತ್ತಿ ಎಳಿ ಅಂಟ್ಕೊಂಡಂಗ ಐತ್ರಿ" ಎಂದಿದ್ದ. ಆ ಎಳೆ ನಮ್ಮ ಆಕಾಶಗಂಗೆಯೊಳಗಿನ ಮೋಡವೋ ಹೊರಗಿನ ಇನ್ನೊಂದು ಗೆಲಾಕ್ಸಿಯೋ ಎಂಬುದು ಸ್ಲೈಫರ್ ಅಳೆದ ಕಾಲಕ್ಕೆ ಇತ್ಯರ್ಥವಾಗಿರಲಿಲ್ಲ. ಸೆಫೀಡ್ ಎಂಬ ಮಿನುಗುವ ನಕ್ಷತ್ರಗಳ ಮಿನುಗಿನ ಅವಧಿಗೂ ನಿಜವಾದ ಕಾಂತಿಗೂ ನಂಟಿದೆ ಎಂದು ಖಗೋಳಜ್ಞೆ ಹೆನ್ರಿಯೆಟಾ ಲೆವಿಟ್ 1912ರಲ್ಲಿ ತೋರಿಸಿಕೊಟ್ಟು ದೂರ ಅಳೆಯುವ ದಾರಿ ತೆರೆದಿದ್ದರಿಂದಲೇ, 1923ರಲ್ಲಿ ಹಬಲ್ ಮೌಂಟ್ ವಿಲ್ಸನ್ನಿನ 100 ಅಂಗುಲದ ದೂರದರ್ಶಕದಿಂದ ಆಂಡ್ರೊಮಿಡಾದಲ್ಲಿ ಅಂಥದೊಂದು ನಕ್ಷತ್ರವನ್ನು ಹಿಡಿದು, ಅದು ಆಕಾಶಗಂಗೆಯಿಂದ ಬಹುದೂರ ಹೊರಗಿದೆಯೆಂದು ನಿರ್ಣಯಿಸಲು ಸಾಧ್ಯವಾಯಿತು.

ಒಂದು ಕಡೆ ಸಮೀಕರಣ, ಇನ್ನೊಂದು ಕಡೆ ಅಳತೆ. ಎರಡಕ್ಕೂ ಪರಸ್ಪರ ಪರಿಚಯವಿರಲಿಲ್ಲ. ನಮ್ಮೂರಿನ ಶಾಸನವನ್ನು ಬಲ್ಲವರಿಗೆ ಈ ಸ್ಥಿತಿ ಹೊಸದಲ್ಲ. ಬಂಡೆಗಳ ಮೇಲೆ ದೇವಾನಾಂಪ್ರಿಯ ಪ್ರಿಯದರ್ಶಿ ಎಂಬ ರಾಜನಿದ್ದ, ಬೌದ್ಧ ಗ್ರಂಥಗಳಲ್ಲಿ ಅಶೋಕನಿದ್ದ; ಇಬ್ಬರೂ ಒಬ್ಬನೇ ಎಂದು ವಿದ್ವಾಂಸರು ಗ್ರಂಥಗಳ ನೆರವಿನಿಂದ ಹೇಳುತ್ತಿದ್ದರೂ ಕಲ್ಲಿನ ಸಾಕ್ಷಿ ದೊರೆತದ್ದು ಮಸ್ಕಿಯ ಶಾಸನದಲ್ಲಿ ಅಶೋಕನ ಹೆಸರು ಸಿಕ್ಕಾಗಲೇ, ಅದೂ 1915ರಲ್ಲಿಯೇ. ವಿಶ್ವದ ವಿಷಯದಲ್ಲಿ ಎರಡು ತುದಿಗಳನ್ನು ಜೋಡಿಸಿದವರು ಜಾರ್ಜ್ ಲೆಮೆತ್ರ್ ಎಂಬ ಕ್ಯಾಥೊಲಿಕ್ ಪಾದ್ರಿ. 1927ರಲ್ಲಿ ಅವರು ಐನ್‌ಸ್ಟೈನರ ಸಮೀಕರಣಗಳಿಂದ ಹಿಗ್ಗುವ ವಿಶ್ವವನ್ನು ಪಡೆದು, ದೂರ ಹೆಚ್ಚಿದಷ್ಟೂ ವೇಗ ಹೆಚ್ಚಬೇಕೆಂದು ತೋರಿಸಿ, ಸ್ಲೈಫರರ ವೇಗಗಳನ್ನೂ ಹಬಲರ ಅಳತೆಗಳನ್ನು ಆಧರಿಸಿದ ದೂರಗಳನ್ನೂ ಒಟ್ಟಿಗಿಟ್ಟು ಆ ಹೆಚ್ಚಳದ ದರವನ್ನೂ ಲೆಕ್ಕ ಹಾಕಿದರು. ಬರಹ ಫ್ರೆಂಚಿನಲ್ಲಿತ್ತು, ಬೆಲ್ಜಿಯಂನ ಪತ್ರಿಕೆಯೊಂದರಲ್ಲಿತ್ತು; ಹೆಚ್ಚು ಜನ ಓದಲಿಲ್ಲ. ಓದಿದ್ದ ಐನ್‌ಸ್ಟೈನ್, ನಿಮ್ಮ ಗಣಿತ ಸರಿಯಿದೆ, ಭೌತಶಾಸ್ತ್ರ ಮಾತ್ರ ಅಸಹ್ಯ ಎಂಬರ್ಥದ ಮಾತಾಡಿದರೆಂದು ಲೆಮೆತ್ರ್ ಮುಂದೆ ನೆನೆದಿದ್ದಾರೆ.

ಹಬಲರ ಪ್ರಸಿದ್ಧ ಲೇಖನ ಬಂದದ್ದು 1929ರಲ್ಲಿ. ಅದರಲ್ಲಿ 24 ಗೆಲಾಕ್ಸಿಗಳನ್ನಿಟ್ಟುಕೊಂಡು ದೂರ ಹೆಚ್ಚಿದಷ್ಟೂ ವೇಗ ಹೆಚ್ಚುತ್ತದೆಂದು ತೋರಿಸಿದ್ದರು, ವೇಗಗಳಲ್ಲಿ ಹೆಚ್ಚಿನವು ಸ್ಲೈಫರರವು, ಆದರೆ ವಿಶ್ವ ಹಿಗ್ಗುತ್ತಿದೆ ಎಂಬ ಮಾತು ಎಲ್ಲಿಯೂ ಇರಲಿಲ್ಲ. ಆ ಅರ್ಥವನ್ನು ಅವರು ಮುಂದೆಯೂ ಪೂರ್ತಿ ಒಪ್ಪಲಿಲ್ಲ. ಇದರಿಂದ ಹಬಲ್ ಚಿಕ್ಕವರಾಗುವುದಿಲ್ಲ; ದೂರವನ್ನು ಅಳೆಯುವುದೇ ಅತಿ ಕಷ್ಟದ ಕೆಲಸವಾಗಿತ್ತು. (ಅವರ ಜತೆಗಾರ ಮಿಲ್ಟನ್ ಹ್ಯೂಮಸನ್ ಅದೇ ಮೌಂಟ್ ವಿಲ್ಸನ್ ಬೆಟ್ಟಕ್ಕೆ ಹೇಸರಗತ್ತೆಗಳ ಮೇಲೆ ಸಾಮಾನು ಹೊರಿಸಿಕೊಂಡು ಹೋಗುತ್ತಿದ್ದವರು ಎಂಬುದನ್ನು ಮಕ್ಕಳಿಗೆ ಹೇಳದೆ ಇರಲು ನನಗೆ ಮನಸ್ಸಾಗುವುದಿಲ್ಲ.)

ಹಿಗ್ಗುವುದೆಂದರೆ ಗಣಿಯಲ್ಲಿ ಮದ್ದಿಟ್ಟು ಬಂಡೆ ಸಿಡಿಸಿದಂತೆ ಎಂದು ಹಲವರು ತಿಳಿದಿದ್ದಾರೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿಯುವುದನ್ನು ನೆನೆದರೆ ಮೇಲು. ಬಡಿದಂತೆ ರೊಟ್ಟಿ ಅಗಲವಾಗುತ್ತದೆ. ಯಾವ ಎಳ್ಳೂ ಹಿಟ್ಟಿನ ಮೇಲೆ ಹರಿದಾಡದಿದ್ದರೂ ಪ್ರತಿಯೊಂದೂ ಮಿಕ್ಕವುಗಳಿಂದ ದೂರವಾಗುತ್ತದೆ. ಒಂದು ಬೆರಳಿನ ಅಂತರ ಎರಡಾಗುವಷ್ಟರಲ್ಲಿ ಎರಡು ಬೆರಳಿನದು ನಾಲ್ಕಾಗಿರುತ್ತದೆ, ಎಂದರೆ ಇಮ್ಮಡಿ ದೂರಕ್ಕೆ ಇಮ್ಮಡಿ ವೇಗ. ಎಳ್ಳು ಮಾತ್ರ ಎಳ್ಳಿನಷ್ಟೇ ಇರುತ್ತದೆ. ತಮ್ಮ ಗುರುತ್ವದಿಂದ ಬಿಗಿದುಕೊಂಡಿರುವ ಗೆಲಾಕ್ಸಿಗಳೂ ಹಾಗೆಯೇ ಹಿಗ್ಗುವುದಿಲ್ಲ, ತೀರ ಹತ್ತಿರದ ಆಂಡ್ರೊಮಿಡಾ ನಮ್ಮತ್ತ ಬರುವುದೂ ಪರಸ್ಪರ ಸೆಳೆತದಿಂದ. ದಾರಿಯಲ್ಲಿರುವ ಬೆಳಕಿನ ಅಲೆ ಹಿಗ್ಗುವ ವಿಶ್ವದ ಜತೆಗೆ ತಾನೂ ಉದ್ದವಾಗಿ ಕೆಂಪಿನತ್ತ ಸರಿಯುತ್ತದೆ. ಆದರೆ ರೊಟ್ಟಿಗೆ ಅಂಚೂ ನಡುವೂ ಇವೆ. ವಿಶ್ವಕ್ಕೆ ಅಂಥ ಅಂಚಾಗಲಿ ನಡುವಾಗಲಿ ಇಲ್ಲ.

ಹಬಲರ ಅಳತೆಗಳು ಕೊಟ್ಟ ಮೊದಲ ಹಿಗ್ಗುವ ದರದಿಂದ ಹಿಂದಕ್ಕೆ ಎಣಿಸಿದರೆ ವಿಶ್ವದ ವಯಸ್ಸು ಸುಮಾರು 200 ಕೋಟಿ ವರ್ಷವಾಗುತ್ತಿತ್ತು. ನಮ್ಮ ಹಟ್ಟಿ–ಮಸ್ಕಿ ಭಾಗದ ಶಿಲೆಗಳಿಗೇ 250 ಕೋಟಿ ವರ್ಷಗಳಾಗಿವೆ, ಅಂದರೆ ನಮ್ಮ ಗುಡ್ಡ ಆ ವಿಶ್ವಕ್ಕಿಂತ ಹಿರಿದು! ಸೆಫೀಡ್‌ಗಳಲ್ಲಿ ಎರಡು ಬಗೆಯಿವೆ ಎಂದು 1952ರಲ್ಲಿ ವಾಲ್ಟರ್ ಬಾಡೆ ತಿಳಿಸಿದ ಮೇಲೆ ದೂರಗಳು ಇಮ್ಮಡಿಯಾದವು. ಮುಂದಿನ ತಿದ್ದುಪಡಿಗಳ ನಂತರ ಇಂದಿನ ಲೆಕ್ಕ ಸುಮಾರು 1,380 ಕೋಟಿ ವರ್ಷಕ್ಕೆ ಬಂದು ನಿಂತಿದೆ.

ಮರುದಿನ ಆ ಹುಡುಗಿಯ ಶಾಲೆಗೆ ಹೋಗಿ, ಎಲ್ಲರ ಮುಂದೆ ನಿನ್ನ ಉತ್ತರ ಸರಿಯಿತ್ತಮ್ಮ ಎಂದೆ. ಆಕೆ ತುಸು ಯೋಚಿಸಿ, "ಹಂಗಾದ್ರ ಹಬಲ್ ಅಂದವ್ರಿಗೆ ಕೊಟ್ಟ ಅಂಕ ವಾಪಸ್ ತಗೊಂತೀರೇನ್ರಿ ಸರ್?" ಎಂದು ಕೇಳಿದಳು. ಇಲ್ಲ, ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 2018ರಲ್ಲಿ ಮತ ಹಾಕಿಸಿ, ದೂರ ಹೆಚ್ಚಿದಷ್ಟೂ ವೇಗ ಹೆಚ್ಚುವ ಆ ನಿಯಮವನ್ನು ಹಬಲ್–ಲೆಮೆತ್ರ್ ನಿಯಮವೆಂದು ಕರೆಯಲು ಶಿಫಾರಸು ಮಾಡಿದೆ ಎಂದೆ. "ಹಂಗಾದ್ರ ಸ್ಲೈಫರ್?" ಎಂದು ಹಿಂದಿನ ಬೆಂಚಿನಿಂದ ಇನ್ನೊಂದು ದನಿ ಬಂತು.