ಕನ್ನಡದ ಹೊಟ್ಟೆಯೊಳಗೊಂದು ಪೌಂಡು

ಭಾನುವಾರ ಬೆಳಿಗ್ಗೆ ಮೇಷ್ಟ್ರು ಫೋನ್ ಮಾಡಿದರು. "ಬಿಡುವಿದ್ದರೆ ಒಂದು ಗಳಿಗೆ ಬಂದು ಹೋಗಿ ಸ್ವಾಮಿ. ನಾನು ಮನುಷ್ಯ ಅಂತ ಸಾಬೀತು ಮಾಡಬೇಕಾಗಿದೆ."

ಮೇಷ್ಟ್ರು ನಮ್ಮ ಬೀದಿಯವರೇ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಾರೆ. ಹುಟ್ಟಿನಿಂದಲೂ ಕಣ್ಣು ಕಾಣುವುದಿಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ಅವರು ಮನುಷ್ಯರೋ ಅಲ್ಲವೋ ಅನ್ನುವ ಅನುಮಾನ ಅವರ ಕೈಯಲ್ಲಿ ಫೇಲಾದ ಹುಡುಗರಿಗೂ ಬಂದಿರಲಿಲ್ಲ. ಈಗ ಒಂದು ವೆಬ್‌ಸೈಟಿಗೆ ಬಂದಿತ್ತು.

ಅಂಗವಿಕಲರಿಗೆಂದೇ ಮಾಡಿದ ಒಂದು ಯೋಜನೆಗೆ ಅವರು ಅರ್ಜಿ ಹಾಕುತ್ತಿದ್ದರು. ಯಾವ ಇಲಾಖೆ ಅಂತ ನಾನು ಹೇಳುವುದಿಲ್ಲ. ಹೇಳಿದರೆ ಉಳಿದ ಇಲಾಖೆಗಳು ಬೇಜಾರು ಮಾಡಿಕೊಳ್ಳುತ್ತವೆ.

ಮೇಷ್ಟ್ರ ಕಂಪ್ಯೂಟರ್ ಮಾತಾಡುತ್ತದೆ. ಅದರಲ್ಲಿರುವುದು ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಶುರು ಮಾಡಿದ್ದು. ಆತನಿಗೂ ಕಣ್ಣು ಕಾಣುವುದಿಲ್ಲ. ಪುಕ್ಕಟೆ ಸಿಗುತ್ತದೆ. ಮೇಷ್ಟ್ರು ಅದರ ವೇಗ ಎಷ್ಟು ಜಾಸ್ತಿ ಇಟ್ಟುಕೊಂಡಿದ್ದಾರೆ ಅಂದರೆ, ನನ್ನ ಕಿವಿಗೆ ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಕೇಳಿಸುತ್ತದೆ. ನನಗೋಸ್ಕರ ಸ್ವಲ್ಪ ನಿಧಾನ ಮಾಡಿದರು.

"ಗ್ರಾಫಿಕ್. ಐಎಂಜಿ ಅಂಡರ್‌ಸ್ಕೋರ್ ಎರಡು ಸೊನ್ನೆ ನಾಲ್ಕು ಒಂದು" ಅಂದಿತು ಕಂಪ್ಯೂಟರ್. ಆಮೇಲೆ "ಲಿಂಕ್" ಅಂದಿತು. ಮತ್ತೆ "ಲಿಂಕ್". ಮತ್ತೆ "ಬಟನ್". ಯಾತರ ಚಿತ್ರ, ಎಲ್ಲಿಗೆ ಲಿಂಕ್, ಯಾತರ ಬಟನ್ ಅನ್ನುವುದು ಗುಟ್ಟು.

"ಬೋರ್ಡಿಲ್ಲದ ಬಸ್ಸು ಇದು" ಅಂದರು ಮೇಷ್ಟ್ರು. "ಹತ್ತಿ ಕೂತು, ಕಂಡಕ್ಟರ್ ಬಂದಮೇಲೇ ಗೊತ್ತಾಗೋದು, ಮಂಡ್ಯಕ್ಕೋ ಮಾಗಡಿಗೋ ಅಂತ."

ಹಾಗೇ ಹತ್ತಿ ಇಳಿದು, ಹತ್ತಿ ಇಳಿದು ಅವರು ಅರ್ಜಿಯ ಕೊನೆಗೆ ಬಂದು ಮುಟ್ಟಿದ್ದರು. ಅಲ್ಲಿ ಕ್ಯಾಪ್ಚಾ. ಚಿತ್ರದಲ್ಲಿರುವ ಅಕ್ಷರಗಳನ್ನು ನೋಡಿ ಬರೆಯಿರಿ, ನೀವು ಯಂತ್ರವಲ್ಲ ಅಂತ ತೋರಿಸಿ. ಕಣ್ಣು ಕಾಣದವರ ಯೋಜನೆಯ ಬಾಗಿಲಲ್ಲಿ ಕಣ್ಣಿನ ಪರೀಕ್ಷೆ. ಪಾಸಾದವರಿಗೆ ಒಳಗೆ ಪ್ರವೇಶ, ಆದರೆ ಪಾಸಾದವರಿಗೆ ಯೋಜನೆ ಅನ್ವಯಿಸುವುದಿಲ್ಲ!

ನಾನು ಚಾಳೀಸು ಏರಿಸಿಕೊಂಡು ಕೂತೆ. ಸೊಳ್ಳೆ ಬತ್ತಿಯ ಹೊಗೆಯಂಥ ಗೆರೆಗಳ ನಡುವೆ ಒಂದು ಓ ಇತ್ತು. ಅಥವಾ ಸೊನ್ನೆ. ಮೂರು ಸಲ ಸೋತೆ. ಪಕ್ಕದಲ್ಲಿ ಸ್ಪೀಕರಿನ ಚಿತ್ರವೂ ಇತ್ತು, ಕೇಳಿ ಬರೆಯುವವರಿಗೆ. ಒತ್ತಿದರೆ ಸಂಜೆ ಆರರ ಮೆಜೆಸ್ಟಿಕ್ಕಿನ ಗದ್ದಲದೊಳಗೆ ಯಾರೋ ಇಂಗ್ಲಿಷಿನಲ್ಲಿ ಅಂಕಿ ಪಿಸುಗುಟ್ಟಿದ ಹಾಗೆ. ಅಷ್ಟರಲ್ಲಿ ಟೈಮ್ ಮುಗಿಯಿತು. ಮೊದಲಿಂದ ಶುರು ಮಾಡಿ ಅಂತ ವಾಪಸ್ ಕಳಿಸಿದರು. ಅಂತೂ ನಾವಿಬ್ಬರೂ ಮನುಷ್ಯರಲ್ಲ. ಕಾಫಿ ಕುಡಿದೆವು.

ಆದರೆ ಸೌಲಭ್ಯವೇ ಇಲ್ಲ ಅಂತ ಮಾತ್ರ ಹೇಳಬಾರದು. ಪುಟದ ನೆತ್ತಿಯ ಮೇಲೆ ಮೂರು ಎ ಇದ್ದವು. ಒಂದು ಸಣ್ಣದು, ಒಂದು ದೊಡ್ಡದು, ಒಂದು ಮಧ್ಯಮ ವರ್ಗದ್ದು. ಕಂಟ್ರೋಲ್ ಜೊತೆ ಪ್ಲಸ್ ಒತ್ತಿದರೆ ಯಾವ ಬ್ರೌಸರಾದರೂ ಮಾಡುವ ಕೆಲಸವನ್ನು ಈ ಮೂರು ಸೇರಿ ಮಾಡುತ್ತವೆ. ಮೂಲೆಯಲ್ಲಿ ಗಾಲಿಕುರ್ಚಿಯ ಗುರುತಿನ ಒಂದು ಗುಂಡಿಯೂ ಇತ್ತು. ಒತ್ತಿದರೆ ವೆಬ್‌ಸೈಟ್ ತಾನೇ ಎಲ್ಲರಿಗೂ ಹೊಂದಿಕೊಳ್ಳುತ್ತದಂತೆ. ಅಮೆರಿಕದಲ್ಲಿ ಇಂಥದ್ದೇ ಗುಂಡಿ ಮಾರುವ ಆಕ್ಸೆಸಿಬಿ ಅನ್ನುವ ಕಂಪನಿ ಹೀಗೇ ಹೇಳಿಕೊಂಡು, 2025ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ನಿಗೆ 10 ಲಕ್ಷ ಡಾಲರ್ ಕಟ್ಟಬೇಕಾಯಿತು. ನಮ್ಮಲ್ಲಿ ಅಂಥ ತೊಂದರೆಯೇನಿಲ್ಲ. ಗುಂಡಿ ಇದೆಯಾ? ಇದೆ. ಟಿಕ್ ಹಾಕಿ, ಬಿಲ್ ಪಾಸ್ ಮಾಡಿ.

ಇದಕ್ಕಿಂತ ನನ್ನ ಮನಸ್ಸು ಸೆಳೆದದ್ದು 'ಸ್ಕ್ರೀನ್ ರೀಡರ್ ಆಕ್ಸೆಸ್' ಅನ್ನುವ ಪುಟ. ಸರ್ಕಾರಿ ವೆಬ್‌ಸೈಟುಗಳಲ್ಲಿ ಇದನ್ನು ನೀವೂ ನೋಡಿರುತ್ತೀರಿ. ನೋಡಬಲ್ಲವರೇ ಆದ್ದರಿಂದ. ಅದರಲ್ಲೊಂದು ಟೇಬಲ್. ಯಾವ ಯಾವ ಸ್ಕ್ರೀನ್ ರೀಡರ್ ಎಲ್ಲೆಲ್ಲಿ ಸಿಗುತ್ತದೆ, ಯಾವುದು ಪುಕ್ಕಟೆ, ಯಾವುದಕ್ಕೆ ದುಡ್ಡು. ಸ್ಕ್ರೀನ್ ರೀಡರ್ ಇದ್ದವರು ಮಾತ್ರ ಈ ಟೇಬಲ್ ಓದಬಲ್ಲರು. ಇಲ್ಲದವರಿಗೆ ಅದು ಕಾಣುವುದಿಲ್ಲ. ಚಪ್ಪಲಿ ಅಂಗಡಿಯ ವಿಳಾಸವನ್ನು ಮುಳ್ಳಿನ ದಾರಿಯ ಆ ಕೊನೆಯಲ್ಲಿ ಬರೆದಿಟ್ಟ ಹಾಗೆ. ಪಟ್ಟಿಯಲ್ಲಿ ವಿಂಡೋ-ಐಸ್ ಅನ್ನುವ ಹೆಸರೂ ಇತ್ತು. ಅದು 2017ರಲ್ಲೇ ಅಂಗಡಿ ಮುಚ್ಚಿದೆ. ಪಾಪ, ಯಾರೂ ತಿಥಿ ಕೂಡ ಮಾಡಿಲ್ಲ.

ಆಗ ನನಗೆ ಹೊಳೆಯಿತು. ಇವೆಲ್ಲ ಮೇಷ್ಟ್ರಿಗೆ ಮಾಡಿದ್ದಲ್ಲ. ಕಣ್ಣಿರುವ ಸಾಹೇಬರು ಬಂದು ನೋಡಿ, ಪರವಾಗಿಲ್ಲ ಕಣ್ರೀ ಅನ್ನಲಿ ಅಂತ ಮಾಡಿದ್ದು.

"ಅರ್ಜಿ ಹಾಳಾಗಲಿ, ಮೊದಲು ಸುತ್ತೋಲೆ ಓದಿ ಅರ್ಥ ಮಾಡಿಕೊಳ್ಳೋಣ" ಅಂದೆ. ಮೇಷ್ಟ್ರು ನಕ್ಕರು. ಸುತ್ತೋಲೆ ಪಿಡಿಎಫ್ ಆಗಿತ್ತು. ಕಂಪ್ಯೂಟರ್ ಒಂದೇ ಮಾತು ಹೇಳಿತು: ಖಾಲಿ.

ಇದು ಹೇಗಾಗುತ್ತದೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಮೊದಲು ಸುತ್ತೋಲೆಯನ್ನು ಕಂಪ್ಯೂಟರಿನಲ್ಲೇ ಟೈಪ್ ಮಾಡುತ್ತಾರೆ. ಆ ಗಳಿಗೆಯಲ್ಲಿ ಅದಕ್ಕೆ ಜೀವ ಇರುತ್ತದೆ. ಆಮೇಲೆ ಪ್ರಿಂಟ್ ತೆಗೆದು, ಸಾಹೇಬರ ಸಹಿ ಹಾಕಿಸಿ, ಸೀಲ್ ಒತ್ತಿ, ಜೆರಾಕ್ಸ್ ಮಾಡಿ, ಆ ಜೆರಾಕ್ಸನ್ನು ಸೊಟ್ಟಗೆ ಸ್ಕ್ಯಾನ್ ಮಾಡಿ ವೆಬ್‌ಸೈಟಿಗೆ ಹಾಕುತ್ತಾರೆ. ಅಕ್ಷರಗಳನ್ನು ಕೊಂದು, ಫೋಟೋಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಂತೆ. ಅಂಚಿನಲ್ಲಿ ಗುಮಾಸ್ತರ ಹೆಬ್ಬೆರಳೂ ಬಿದ್ದಿರುತ್ತದೆ, ಬೋನಸ್ಸು.

ಸ್ಕ್ಯಾನ್ ಆಗದೆ ತಪ್ಪಿಸಿಕೊಂಡ ಇನ್ನೊಂದು ಸುತ್ತೋಲೆ ಸಿಕ್ಕಿತು. ಕಣ್ಣಿಗೆ ಅಚ್ಚ ಕನ್ನಡ, ಚಂದದ ಫಾಂಟ್. ಮೇಷ್ಟ್ರು ಮೊದಲ ಪದವನ್ನು ಅಕ್ಷರ ಅಕ್ಷರವಾಗಿ ಓದಿಸಿದರು. "ಪಿ. ಎ. ಪೌಂಡ್..."

ಆ ಪದ ಯಾವುದು ಗೊತ್ತೇ? ಕನ್ನಡ!

ಹಳೇ ನುಡಿ ಫಾಂಟಿನ ಕೆಲಸ ಹೀಗೆ. ನಮ್ಮ ಕಣ್ಣಿಗೆ 'ಕ' ಕಂಡರೂ ಕಂಪ್ಯೂಟರಿನೊಳಗೆ ಇರುವುದು ಇಂಗ್ಲಿಷಿನ ಪಿ ಮತ್ತು ತಲೆಯ ಮೇಲೆ ಗೆರೆ ಎಳೆದ ಒಂದು ಎ. 'ನ' ಇರುವ ಕಡೆ ಬ್ರಿಟಿಷರ ಪೌಂಡಿನ ಗುರುತು. ನ-ಒತ್ತು ಇರುವ ಕಡೆ ಜರ್ಮನರ ಒಂದು ಅಕ್ಷರ. 'ಡ' ಇರುವ ಕಡೆ ಕ್ಯೂ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್ ಕೈಗೆ ಬರದಿದ್ದ ಕಾಲಕ್ಕೆ ಇದು ದೊಡ್ಡ ಉಪಕಾರವೇ ಆಗಿತ್ತು, ಅದನ್ನು ಮರೆಯಬಾರದು. ಆದರೆ ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. ಆ ವರ್ಷ ಹುಟ್ಟಿದ ಮಗು ಈಗ ತನ್ನ ಮಗುವನ್ನು ಸ್ಕೂಲಿಗೆ ಸೇರಿಸುವ ವಯಸ್ಸು. ನವೆಂಬರ್ ಒಂದಕ್ಕೆ ಬಾವುಟ ಹಾರಿಸಿ ಬಂದು, ಅದೇ ಕೈಯಲ್ಲಿ ಪಿ, ಎ, ಪೌಂಡ್ ಅಂತ ಟೈಪ್ ಮಾಡುವುದು ಮಾತ್ರ ನಿಂತಿಲ್ಲ. ಕಿವಿಯಿಂದ ಓದುವವರಿಗೆ ರಾಜ್ಯೋತ್ಸವದ ಸಂದೇಶವೂ ಲಂಡನ್ನಿನ ಮನಿ ಆರ್ಡರ್ ಥರ ಕೇಳಿಸುತ್ತದೆ.

ಕಾನೂನಿಗೇನೂ ಕೊರತೆಯಿಲ್ಲ. ಸರ್ಕಾರಿ ವೆಬ್‌ಸೈಟ್ ಹೇಗಿರಬೇಕು ಅಂತ ಕೇಂದ್ರ ಸರ್ಕಾರ ಮಾರ್ಗಸೂಚಿ ಬರೆದದ್ದು 2009ರಲ್ಲಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಅಂಗವೈಕಲ್ಯದ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿತು. ಕಾಯಿದೆ ಮುರಿದರೆ ಮೊದಲ ಸಲಕ್ಕೆ 10,000 ರೂಪಾಯಿವರೆಗೆ ದಂಡ ಅಂತಲೂ ಬರೆಯಿತು. ಡಿಸೆಂಬರ್ 3ರ ಅಂಗವಿಕಲರ ದಿನಾಚರಣೆಯ ಹಾರ ತುರಾಯಿಗೆ ಇದಕ್ಕಿಂತ ಜಾಸ್ತಿ ಖರ್ಚಾಗುತ್ತದೆ, ಅಲ್ವಾ? ಇನ್ನು ಹೆಸರು ಬದಲಿಸುವುದರಲ್ಲಂತೂ ನಮ್ಮನ್ನು ಮೀರಿಸುವವರಿಲ್ಲ. ಅಂಗವಿಕಲರು ವಿಕಲಚೇತನರಾದರು, ವಿಶೇಷಚೇತನರಾದರು, ದಿವ್ಯಾಂಗರಾದರು. ಬಟನ್ನಿಗೆ ಮಾತ್ರ ಇನ್ನೂ ನಾಮಕರಣ ಆಗಿಲ್ಲ.

2024ರ ನವೆಂಬರಿನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಈ ಸೌಲಭ್ಯಗಳ ಮಾನದಂಡವೆಲ್ಲ ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಬೇಕು, ಮೂರು ತಿಂಗಳಲ್ಲಿ ನಿಯಮ ಮಾಡಿ ಅಂದಿತು. 2025ರ ಏಪ್ರಿಲ್ 30ಕ್ಕೆ ಇನ್ನೊಂದು ತೀರ್ಪು. ಬ್ಯಾಂಕಿನ ಕೆವೈಸಿಯಲ್ಲಿ ಕ್ಯಾಮೆರಾದ ಮುಂದೆ ರೆಪ್ಪೆ ಮಿಟುಕಿಸಿದರೆ ಮಾತ್ರ ನೀವು ಜೀವಂತ ಅಂತ ಲೆಕ್ಕ. ಆಸಿಡ್ ದಾಳಿಯಲ್ಲಿ ಮುಖ ಸುಟ್ಟವರು ಎಲ್ಲಿಂದ ಮಿಟುಕಿಸಬೇಕು? ಅವರೇ ಕೋರ್ಟಿಗೆ ಹೋದರು. ಡಿಜಿಟಲ್ ಸೇವೆ ಸಿಗುವುದೂ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಕೋರ್ಟು ಹೇಳಿತು.

"21ನೇ ವಿಧಿ ಪಾಠ ಮಾಡೋನು ನಾನೇ" ಅಂದರು ಮೇಷ್ಟ್ರು. "ಈ ತೀರ್ಪು ಜಾರಿ ಮಾಡಿ ಅಂತ ಸುತ್ತೋಲೆ ಬಂದೇ ಬರುತ್ತೆ. ಸೊಟ್ಟಗೆ ಸ್ಕ್ಯಾನ್ ಆಗಿ."

ಏಳನೇ ಸಲಕ್ಕೆ ಆ ಓ, ಓ ಅಲ್ಲ, ಸೊನ್ನೆ ಅಂತ ಗೊತ್ತಾಯಿತು. ಅರ್ಜಿ ಹೋಯಿತು. ಅಭಿನಂದನೆಗಳು, ಅರ್ಜಿಯ ಪ್ರತಿಗೆ ಸಹಿ ಮಾಡಿ, ಸ್ಕ್ಯಾನ್ ಮಾಡಿ, ಅಪ್‌ಲೋಡ್ ಮಾಡಿ ಅಂತ ಬಂತು. ಅದನ್ನೂ ಮಾಡಿದೆವು. ಹೊರಡಲು ಎದ್ದೆ.

"ಒಂದು ನಿಮಿಷ" ಅಂದರು ಮೇಷ್ಟ್ರು. "ಆ ಮೊದಲನೇ ಗ್ರಾಫಿಕ್ಕು, ಎರಡು ಸೊನ್ನೆ ನಾಲ್ಕು ಒಂದು. ಏನದು? ದಿನಾ ಕೇಳಿ ಕೇಳಿ ಸಾಕಾಗಿದೆ."

ಚಾಳೀಸು ಮತ್ತೆ ಹಾಕಿಕೊಂಡು ನೋಡಿದೆ. ದೊಡ್ಡವರೊಬ್ಬರು ದೀಪ ಹಚ್ಚುತ್ತಿದ್ದಾರೆ. ಹಿಂದೆ ಬ್ಯಾನರ್, ಅಂಗವಿಕಲರ ದಿನಾಚರಣೆಯದು. ಸುತ್ತ ಒಂದು ಹತ್ತು ಜನ, ಎಲ್ಲರ ತಲೆಗೂ ಪೇಟ. ಹೇಳಿದೆ.

ಮೇಷ್ಟ್ರ ಮುಖ ಅರಳಿತು. "ಓಹೋ, ಅದಾ! ಅವತ್ತು ನನಗೂ ಸನ್ಮಾನ ಇತ್ತು. ವೇದಿಕೆ ಮೇಲೆ ಹಿಂದಿನ ಸಾಲಲ್ಲಿ ನಿಲ್ಲಿಸಿದ್ದರು. ಕಾಣ್ತಿದ್ದೀನಾ ನೋಡಿ."

ಚಿತ್ರವನ್ನು ಎಷ್ಟಾಗುತ್ತೋ ಅಷ್ಟು ದೊಡ್ಡದು ಮಾಡಿ ನೋಡಿದೆ. ಮುಂದಿದ್ದವರ ಪೇಟ ಅಡ್ಡ ಬಂದಿತ್ತು. ಎರಡು ಶಾಲುಗಳ ಸಂದಿಯಲ್ಲಿ ಬಿಳಿ ಕೋಲಿನ ತುದಿ ಮಾತ್ರ ಇತ್ತು.