ಎಂಜಿನ್ ಅದೇ, ಮೂಟೆ ಬೇರೆ

ದಪ್ಪಗಿರೋ ಹೆಂಗಸರ ವಿಒ2 ಮ್ಯಾಕ್ಸ್ (ಜೋರಾಗಿ ದಣಿದಾಗ ಮೈ ನಿಮಿಷಕ್ಕೆ ಬಳಸಬಲ್ಲ ಗರಿಷ್ಠ ಆಮ್ಲಜನಕ) ಕಡಿಮೆ, ಹಾಗಾಗಿ ಅವರ ಹೃದಯ ದುರ್ಬಲ ಅಂತ ನಿಮ್ಮ ಲೇಖನದಲ್ಲಿ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ. ಮಧ್ಯೆ ಮೈತೂಕದಿಂದ ಭಾಗಿಸೋ ಒಂದು ಭಾಗಾಕಾರ ಇದೆಯಲ್ಲ ಸಾರ್! ನಿಮಿಷಕ್ಕೆ 2 ಲೀಟರ್ ಆಮ್ಲಜನಕ ಬಳಸಬಲ್ಲ ಇಬ್ಬರನ್ನು ತಗೊಳ್ಳಿ. 60 ಕೆಜಿಯವಳಿಗೆ ಕೆಜಿಗೆ 33 ಮಿಲಿಲೀಟರ್ ಬರುತ್ತೆ, 80 ಕೆಜಿಯವಳಿಗೆ 25. ಮೆಟ್ಟಿಲು ಹತ್ತುವಾಗ ಮೂಟೆ ಭಾರ ಗೊತ್ತಾಗುತ್ತೆ, ಒಪ್ಪಿದೆ. ಅದಕ್ಕೆ ಹೃದಯವನ್ನು ಬೈಯೋದು ಯಾಕೆ?

ಹೃದಯದ ಗರಿಷ್ಠ ಬಡಿತ ತಿಳಿಯೋಕೆ 220ರಿಂದ ವಯಸ್ಸು ಕಳೆಯೋ ಸೂತ್ರವೂ ಬರೀ ಸರಾಸರಿ. ಹತ್ತು ಹನ್ನೆರಡು ಬಡಿತ ಆಚೀಚೆ ಆಗೋದು ಮಾಮೂಲು. ನನಗೆ 47, ತೂಕ 82. ನಮ್ಮ ಏರಿಯಾದ ಜಿಮ್ಮಿನ ಹುಡುಗ 173 ಅಂತ ಬರೆದುಕೊಂಡು, ‘ಆಂಟಿ, ಹಾರ್ಟ್ ರೇಟ್ ಏರ್ತಾನೇ ಇಲ್ಲ’ ಅಂತ ಟ್ರೆಡ್‌ಮಿಲ್ ಸ್ಪೀಡ್ ಏರಿಸಿದ್ದೇ ಏರಿಸಿದ್ದು. ನಾನು ನುಂಗ್ತಿದ್ದ ಬಿಪಿ ಮಾತ್ರೆ ಬೀಟಾ ಬ್ಲಾಕರ್, ಬಡಿತವನ್ನೇ ಹಿಡಿದಿಡೋದು. ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಣ್ಣು ಕತ್ತಲೆ ಬಂತು.

ಈಗ ಓರಗಿತ್ತಿ ಜೊತೆ ಲಾಲ್‌ಬಾಗ್. ಕೆರೆ ಪಕ್ಕ ಸೊಸೆ ಪುರಾಣ ನಿಲ್ಲದೆ ಸಾಗುತ್ತೆ; ಕೆಂಪೇಗೌಡ ಗೋಪುರದ ಬಂಡೆ ಏರುವಾಗ ‘ಅವಳು... ನಿನ್ನೆ...’ ಅಂತ ವಾಕ್ಯ ತುಂಡಾಗುತ್ತೆ. ಲ್ಯಾಬಲ್ಲಿ ಮುಖಕ್ಕೆ ಮಾಸ್ಕ್ ಕಟ್ಟಿ, ಉಸಿರಲ್ಲಿ ಹೊರಬರೋ ಇಂಗಾಲದ ಡೈಆಕ್ಸೈಡ್ ಮೈ ಬಳಸೋ ಆಮ್ಲಜನಕಕ್ಕಿಂತ ಜೋರಾಗಿ ಏರೋ ಬಿಂದು ಹುಡುಕ್ತಾರಲ್ಲ, ಹೆಚ್ಚುಕಮ್ಮಿ ಅಲ್ಲೇ ಮಾತು ತುಂಡಾಗೋದು. ಈಗ ಬಂಡೆಯ ಅರ್ಧದವರೆಗೂ ಪುರಾಣ ಬರ್ತಿದೆ!

ಅಂದಹಾಗೆ, ನಿಮ್ಮ ಅಂಕಿಗಳು ಸೈಕಲ್ ಮೇಲೆ ಅಳೆದವೋ ಟ್ರೆಡ್‌ಮಿಲ್ ಮೇಲೋ? ಸೈಕಲ್ಲಲ್ಲಿ ಮೈಭಾರ ಸೀಟಿನ ಮೇಲಿರುತ್ತೆ, ಅದನ್ನೂ ಬರೀರಿ.