ತೋಟ ಬಿಟ್ಟು ತೋಟೆಯ ಬೆನ್ನು ಹತ್ತಿ

ನಮ್ಮ ಮನೆಯಲ್ಲಿ ಒಂದೇ ಒಂದು ಎತ್ವಕ್ಕೆ ಜಗಳ. "ಊರಿನವರೆಲ್ಲ ತೋಟ ನೋಡ್ಕೊಂಡಿದ್ದಾರೆ, ನೀವೊಬ್ರು ತೋಟೆ ನೋಡ್ಕೊಂಡಿದ್ದೀರಿ" ಅನ್ನುತ್ತಾಳೆ ನನ್ನ ಹೆಂಡತಿ. ತೋಟೆ ಅಂದ್ರೆ ಕೋವಿಗೆ ಹಾಕುವ ಕಾರ್ಟ್ರಿಜ್. ಗೊತ್ತಿಲ್ಲದವರಿಗಾಗಿ ಹೇಳಿದೆ. ಕೊಡಗಿನಲ್ಲಿ ಗೊತ್ತಿಲ್ಲದವರು ಕಡಿಮೆ.

ಕೋವಿ ಇಟ್ಟುಕೊಳ್ಳುವುದು ನಮ್ಮ ಕಡೆ ಸುದ್ದಿಯೇ ಅಲ್ಲ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು, ಹುತ್ತರಿಯಲ್ಲಿ ಕದಿರು ಕೊಯ್ಯುವಾಗ ಮತ್ತೊಂದು. ಆದರೆ ನನ್ನದು ಕೋವಿ ಅಲ್ಲ, ರಿವಾಲ್ವರ್. ಅದೂ ಪಾಯಿಂಟ್ ಟೂ ಟೂ, ಅಂದರೆ ನಳಿಗೆಯ ತೂತು ಕಾಲು ಇಂಚೂ ಇಲ್ಲ. ಲೈಸೆನ್ಸ್ ಮಾಡಿಸಿದ ಕಥೆ ಬೇರೆ, ಅದನ್ನು ಹೇಳಲು ಈ ಜಾಗ ಸಾಲದು. ಮೊದಲ ದಿನ ನನ್ನ ಭಾವ ಅದರ ತೋಟೆಯನ್ನು ಅಂಗೈಯಲ್ಲಿಟ್ಟು ಹೊರಳಿಸಿ ನೋಡಿ, "ಎಂತ ಭಾವ ಇದು, ಏಲಕ್ಕಿ ಬಿಡಿಸೋಕಾ?" ಅಂದ. ಅವನದು ಹನ್ನೆರಡು ಬೋರಿನ ಕೋವಿ. ಹೊಡೆದರೆ ಪಕ್ಕದ ಊರಿನ ನಾಯಿಗಳೂ ಬೊಗಳುತ್ತವೆ.

ನನ್ನ ರಿವಾಲ್ವರಿನ ಸುಖ ಅವನಿಗೆ ಅರ್ಥ ಆಗುವಂಥದ್ದಲ್ಲ. ಹೆಬ್ಬೆರಳಿನಲ್ಲಿ ಕುದುರೆ, ಅಂದರೆ ತೋಟೆಗೆ ಪೆಟ್ಟು ಕೊಡುವ ಸುತ್ತಿಗೆ, ಎಳೆದರೆ ತೋಟೆಗಳು ಕೂರುವ ಸಿಲಿಂಡರ್ ಒಂದು ಮನೆ ತಿರುಗಿ 'ಕಟಕ್' ಅಂತ ಕೂರುತ್ತದೆ. ಟ್ರಿಗರ್ ಒತ್ತಿದರೆ 'ಟಪ್'. ಕೈ ಅಲ್ಲಾಡುವುದಿಲ್ಲ, ಭುಜ ನೋಯುವುದಿಲ್ಲ. ಸಿಲಿಂಡರ್ ಹೊರಗೆ ತೆಗೆದು ಕಡ್ಡಿ ಒತ್ತಿದರೆ ಆರು ಖಾಲಿ ಹಿತ್ತಾಳೆ ಕೊಳವೆಗಳು ಬೆಚ್ಚಗೆ ಅಂಗೈಗೆ ಬೀಳುತ್ತವೆ. ಸುಟ್ಟ ಮದ್ದಿನ ಒಂದು ಸಣ್ಣ ವಾಸನೆ. ಮನೆಯಲ್ಲಿ ಕುಳಿತು "ಸಿಲಿಂಡರ್ ಕ್ಲೀನ್ ಮಾಡ್ತಾ ಇದ್ದೀನಿ" ಅಂದರೆ ಅಮ್ಮ ಒಳಗಿನಿಂದ "ಗ್ಯಾಸ್ ಲೀಕ್ ಆಗ್ತಿದ್ಯಾ?" ಅಂತ ಕೂಗುತ್ತಾರೆ. ಅಷ್ಟೇ ತೊಂದರೆ.

ತೊಂದರೆ ನಿಜವಾಗಿ ಶುರುವಾದದ್ದು ಕೈಲ್ ಮುಹೂರ್ತದ ದಿನ. ಸೆಪ್ಟೆಂಬರ್ 3. ಕೋವಿಗಳನ್ನೆಲ್ಲ ಸಾಲಾಗಿಟ್ಟು, ನಳಿಗೆಗೆ ಕೋವಿ ಹೂ ಸಿಕ್ಕಿಸಿ ಪೂಜೆ ಆಯಿತು. ಊಟವೂ ಆಯಿತು. ಆಮೇಲೆ ತೆಂಗಿನಕಾಯಿಗೆ ಗುರಿ ಹೊಡೆಯುವ ಪಂದ್ಯ. ಭಾವ ಒಂದೇ ಏಟಿಗೆ ಕಾಯಿ ಪುಡಿ ಮಾಡಿದ. ನಾನು ಸುಮ್ನೆ ಇರಬಹುದಿತ್ತು. ಊಟದ ಪ್ರಭಾವ, "ಕಾಯಿಯನ್ನು ಹದಿನೈದು ಮೀಟರಿಗೆ ತನ್ನಿ, ರಿವಾಲ್ವರಿನಲ್ಲಿ ಹೊಡೀತೀನಿ" ಅಂದೆ. ಐದು ಗುಂಡು ಮಣ್ಣಿನ ದಿಬ್ಬಕ್ಕೆ ಹೋದವು. ಆರನೆಯದಕ್ಕೆ ಕಾಯಿ ದೊಪ್ಪನೆ ಬಿತ್ತು. ಚಪ್ಪಾಳೆಯೂ ಬಿತ್ತು. ಹತ್ತಿರ ಹೋಗಿ ನೋಡಿದರೆ ಕಾಯಿಗೆ ಒಂದು ಗೀರೂ ಇಲ್ಲ. ಗುಂಡು ತಾಗಿದ್ದು ಕಟ್ಟಿದ ಹಗ್ಗಕ್ಕೆ.

"ತೋಟೆ ಸರಿ ಇಲ್ಲ" ಅಂದೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದ ಭಾವ.

ಅವತ್ತೇ ತೀರ್ಮಾನ ಮಾಡಿದೆ. ಈ ರಿವಾಲ್ವರಿಗೆ ಹೇಳಿ ಮಾಡಿಸಿದ ತೋಟೆ ಯಾವುದು ಅಂತ ಹುಡುಕಿಯೇ ಬಿಡಬೇಕು. ಮೈಸೂರಿನ ಅಂಗಡಿಯಿಂದ ನಾಲ್ಕು ಬಗೆಯವು ತಂದೆ. ಕಂಪನಿ ಹೆಸರು ಬೇಡ. ಹಳದಿ, ಕೆಂಪು, ನೀಲಿ, ಬಿಳಿ ಡಬ್ಬಿ ಅಂದರೆ ಸಾಕು. ಒಂದೊಂದರಲ್ಲಿ 50 ತೋಟೆ. ತೊಡಕು ಏನೆಂದರೆ, ಕೊಂಡದ್ದನ್ನೆಲ್ಲ ಅಂಗಡಿಯವರು ಲೈಸೆನ್ಸ್ ಪುಸ್ತಕದಲ್ಲಿ ಬರೆದು ಸೀಲು ಹಾಕುತ್ತಾರೆ. ನನ್ನಾಕೆಗೆ ಅದು ನನ್ನ ಬ್ಯಾಂಕ್ ಪಾಸ್‌ಬುಕ್ಕಿಗಿಂತ ಪ್ರಿಯವಾದ ಓದು.

ಹೊರಗಿನವರಿಗೆ ಒಂದು ಮಾತು. ದೊಡ್ಡ ತೋಟೆಗಳ ತಳದ ನಟ್ಟನಡುವೆ ಕಿಡಿ ಹಚ್ಚುವ ಕೇಪು ಇರುತ್ತದೆ. ಪಾಯಿಂಟ್ ಟೂ ಟೂಗೆ ಅದಿಲ್ಲ. ಸಿಡಿಯುವ ಮದ್ದು ತಳದ ಅಂಚಿನ ಮಡಿಕೆಯೊಳಗೆ ಸುತ್ತಲೂ ಇರುತ್ತದೆ. ಕರ್ಜಿಕಾಯಿಯ ಹೂರಣವನ್ನೆಲ್ಲ ಅಂಚಿಗೆ ತಳ್ಳಿದ ಹಾಗೆ. ಅದಕ್ಕೇ ಇದಕ್ಕೆ ರಿಮ್‌ಫೈರ್ ಅನ್ನುವುದು. ಈ ಬಗೆಯ ತೋಟೆ ಹಾಕುವ ರಿವಾಲ್ವರನ್ನು ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ ಮೊದಲು ಮಾರಿದ್ದು 1857ರಲ್ಲಿ. ನಮ್ಮಲ್ಲಿ ಸಿಪಾಯಿಗಳು ತೋಟೆಗೆ ಸವರಿದ ಕೊಬ್ಬಿನ ವಿಷಯಕ್ಕೆ ದಂಗೆ ಎದ್ದದ್ದೂ ಅದೇ ವರ್ಷ. ಈಗ ನಾವು ಹಾಕುವ, ಲಾಂಗ್ ರೈಫಲ್ ಅನ್ನುವ ತೋಟೆ 1887ರದು. ಇದನ್ನೆಲ್ಲ ನಾನು ಊಟದ ಹೊತ್ತಿಗೆ ಮನೆಯಲ್ಲಿ ಹೇಳಿದ್ದೇನೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ದೇಶದ ಶೂಟರ್ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಇದೇ ಪಾಯಿಂಟ್ ಟೂ ಟೂನಲ್ಲಿ ಅಂತಲೂ ಹೇಳಿದೆ. "ಅವರು ಎಷ್ಟು ಡಬ್ಬಿ ಬದಲಾಯಿಸಿದ್ರಂತೆ?" ಅಂತ ಕೇಳಿದಳು.

ಪ್ರತಿ ಭಾನುವಾರ ಶೂಟಿಂಗ್ ರೇಂಜಿಗೆ ಹೋಗತೊಡಗಿದೆ. ಅಲ್ಲಿನ ಉಸ್ತುವಾರಿ ಒಬ್ಬ ನಿವೃತ್ತ ಸುಬೇದಾರರದು. ಊರಿಗೆಲ್ಲ ಅವರು ಸುಬೇದಾರ್ ಮಾವ. ಆರು ಗುಂಡು ಹೊಡೆದು, ಕಾಗದದ ಮೇಲಿನ ತೂತುಗಳು ಎಷ್ಟು ಅಗಲ ಹರಡಿವೆ ಅಂತ ಅಳೆಯುವುದು ನನ್ನ ಕೆಲಸ. ಸ್ಕೇಲ್ ಮರೆತಿದ್ದೆ. ಹಾಗಾಗಿ ನೋಟ್‌ಬುಕ್ಕಿನಲ್ಲಿ ಹೀಗೆ ಬರೆದೆ: ಹಳದಿ ಡಬ್ಬಿ, ಅಕ್ಕಿ ರೊಟ್ಟಿಯಷ್ಟು. ಕೆಂಪು, ನೂಪುಟ್ಟಿನಷ್ಟು (ನಮ್ಮ ಕಡೆಯ ಒತ್ತು ಶಾವಿಗೆ). ಗುರಿ ಏನಿದ್ದರೂ ಕಡಂಬುಟ್ಟು, ಅಂದರೆ ಅಕ್ಕಿ ತರಿಯ ಉಂಡೆ ಕಡುಬು. ಬೆಳಗ್ಗೆ ತಿಂಡಿ ತಿನ್ನದೆ ಹೋದದ್ದೂ ಒಂದು ಕಾರಣ ಇರಬೇಕು.

ಎರಡನೇ ವಾರ ಕೆಂಪು ಡಬ್ಬಿಯ ತೋಟೆಯೊಂದು ಹಾರಲಿಲ್ಲ. ಬರೀ 'ಕಟ್'. ಹೀಗಾದಾಗ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಮೂವತ್ತು ಎಣಿಸಬೇಕು. ತಡವಾಗಿ ಸಿಡಿದರೂ ಸಿಡಿಯಬಹುದು. "ಅಲ್ಲಾಡಬೇಡ!" ಅಂದರು ಸುಬೇದಾರ್ ಮಾವ. ಎಣಿಸತೊಡಗಿದೆ. ಎಂಟಕ್ಕೆ ಪಾದದ ಹತ್ತಿರ ತಣ್ಣಗೆ ಏನೋ ಆಯಿತು. ಹದಿನಾಲ್ಕಕ್ಕೆ ಅದು ಕಾಲುಚೀಲ ದಾಟಿತು. ಮಳೆಗಾಲದ ಹುಲ್ಲು, ಜಿಗಣೆ ಅಂತ ಗೊತ್ತಾಯಿತು. "ಮಾವ, ಜಿಗಣೆ" ಅಂದೆ. "ಎಣಿಸು" ಅಂದರು. ಇಪ್ಪತ್ತೆರಡಕ್ಕೆ ಅದು ಮೊಣಕಾಲಿನ ಹಿಂದೆ ಜಾಗ ನೋಡಿಕೊಂಡು ಕೂತಿತು. ನನ್ನ ಜೀವನದಲ್ಲಿ ಇಪ್ಪತ್ತೆರಡರಿಂದ ಮೂವತ್ತು ಅಷ್ಟು ದೂರ ಯಾವತ್ತೂ ಇರಲಿಲ್ಲ. ಆಮೇಲೆ ಆ ತೋಟೆಯನ್ನು ತೆಗೆದು, ಸ್ವಲ್ಪ ತಿರುಗಿಸಿ, ಅಂಚಿನ ಬೇರೆ ಜಾಗಕ್ಕೆ ಪೆಟ್ಟು ಬೀಳುವಂತೆ ಮತ್ತೆ ಹಾಕಿದೆ. ಹಾರಿತು. ಹೂರಣ ಆ ಒಂದು ಕಡೆ ಇರಲಿಲ್ಲ, ಅಷ್ಟೆ.

ನನ್ನ ಕೈ ನಡುಗುತ್ತದೆ, ಆಸರೆ ಬೇಕು ಅಂದರು ಮಾವ. ಮರಳು ಚೀಲ ಒದ್ದೆಯಾಗಿತ್ತು. ಮನೆಯಲ್ಲಿ ಮೆಣಸು ತೂರಿದ ಮೇಲೆ ಉಳಿದ ಜೊಳ್ಳು, ಧೂಳು ಸುಮಾರು ಇತ್ತು. ಅದನ್ನು ಹಳೇ ದಿಂಬಿನ ಕವರಿಗೆ ತುಂಬಿ ಬಾಯಿ ಹೊಲಿದು ತಂದೆ. ಮೆತ್ತಗೆ, ಹಗುರ. ಇಂಥ ಐಡಿಯಾ ಬೇರೆ ಯಾರಿಗೂ ಯಾಕೆ ಬಂದಿಲ್ಲ ಅಂತ ಹೆಮ್ಮೆಪಟ್ಟೆ. ಯಾಕೆ ಅಂತ ಮುಕ್ಕಾಲು ಗಂಟೆಯಲ್ಲಿ ತಿಳಿಯಿತು. ರಿವಾಲ್ವರಿನಲ್ಲಿ ಸಿಲಿಂಡರಿಗೂ ನಳಿಗೆಗೂ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ. ಪ್ರತಿ ಗುಂಡಿಗೂ ಅಲ್ಲಿಂದ ಬಿಸಿ ಗಾಳಿ ಪಕ್ಕಕ್ಕೆ ಚಿಮ್ಮುತ್ತದೆ. ಬೆರಳು ಅಲ್ಲಿಡಬೇಡಿ ಅನ್ನುವುದು ಅದಕ್ಕೇ. ನಾನು ಬೆರಳಿಡಲಿಲ್ಲ, ದಿಂಬು ಇಟ್ಟೆ. ನಲವತ್ತು ಗುಂಡಾಗುವ ಹೊತ್ತಿಗೆ ಬಟ್ಟೆ ಕಪ್ಪಾಗಿ, ಕರಟಿ, ತೂತಾಗಿತ್ತು. ಮುಂದಿನ ಗುಂಡಿಗೆ ಮೆಣಸಿನ ಧೂಳು ಎದ್ದಿತು. ಸುಬೇದಾರ್ ಮಾವ "ಫೈರಿಂಗ್ ನಿಲ್ಸಿ" ಅನ್ನಲು ಬಾಯಿ ತೆರೆದರು, ಬಂದದ್ದು ಸೀನು. ಪಕ್ಕದ ಇಬ್ಬರೂ ಕೋವಿ ಕೆಳಗಿಟ್ಟು ಸೀನಿದರು. ಆ ದಿನದ ಪುಟದಲ್ಲಿ ನೀಲಿ ಡಬ್ಬಿಯ ಮುಂದೆ ನಾನು ಬರೆದಿರುವುದು ಇಷ್ಟೇ: 'ಕಣ್ಣು ಕಾಣಲಿಲ್ಲ.'

ಡಬ್ಬಿ ಬದಲಾಯಿಸಿದ ಕೂಡಲೇ ಫಲ ನೋಡಬಾರದು ಅಂತಲೂ ಆಮೇಲೆ ತಿಳಿಯಿತು. ಒಂದೊಂದು ತೋಟೆಗೆ ಒಂದೊಂದು ಬಗೆಯ ಮೇಣ ಸವರಿರುತ್ತದೆ. ಹಳೇ ಮೇಣ ಹೋಗಿ ಹೊಸದು ನಳಿಗೆಗೆ ಹಿಡಿಯಲು ಹತ್ತಾರು ಗುಂಡು ಬೇಕು. ಹೊಸ ಕಾವಲಿಯ ಮೊದಲ ದೋಸೆಗಳ ಹಾಗೆ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ ವೇಗವನ್ನೂ ನಂಬಬೇಡಿ, ಸಾಮಾನ್ಯವಾಗಿ ಅದು ಉದ್ದ ನಳಿಗೆಯ ರೈಫಲಿನ ಲೆಕ್ಕ. ಬಿಳಿ ಡಬ್ಬಿ ಜಾಸ್ತಿ ವೇಗದ್ದು, ಜಾಸ್ತಿ ಬೆಲೆಯದ್ದು. ಖಾಲಿ ಕೊಳವೆಗಳು ಎಷ್ಟು ಬಿಗಿಯಾಗಿ ಕಚ್ಚಿಕೊಂಡವು ಅಂದರೆ ಕಡ್ಡಿ ಒತ್ತಿ ಒತ್ತಿ ಅಂಗೈಯಲ್ಲಿ ಬೊಬ್ಬೆ ಎದ್ದಿತು.

ನಾಲ್ಕು ಡಬ್ಬಿಯಲ್ಲೂ ಒಂದು ವಿಚಿತ್ರ ಇತ್ತು. ಐದು ತೂತು ಹತ್ತಿರ ಹತ್ತಿರ, ಒಂದು ಮಾತ್ರ ಎಡಕ್ಕೆ ಎರಡು ಬೆರಳು ಆಚೆ. ಕಾಗದಗಳನ್ನು ಊಟದ ಮೇಜಿನ ಮೇಲೆ ಹರಡಿ ತಲೆ ಕೆರೆದುಕೊಳ್ಳುತ್ತಿದ್ದಾಗ ನನ್ನಾಕೆ ಬಂದು ನೋಡಿದಳು. "ಎಲ್ಲದರಲ್ಲೂ ಒಂದೇ ಆಚೆ ಹೋಗಿದ್ಯಲ್ಲ. ತೂತು ಆರೂ ಒಂದೇ ಥರ ಇದ್ಯಾ?" ಅಂದಳು. ಸಿಲಿಂಡರಿನ ತೂತು, ಅಂದರೆ ತೋಟೆ ಕೂರುವ ಚೇಂಬರ್. ನಾನು ಮೂರು ತಿಂಗಳು ಯೋಚಿಸದ ಮಾತು. ಅವಳ ಕೆಂಪು ನೈಲ್ ಪಾಲಿಶ್ ತೆಗೆದುಕೊಂಡು ಪ್ರತಿ ಚೇಂಬರಿನ ಹೊರಗಡೆ ಚುಕ್ಕೆ ಇಟ್ಟೆ, ಒಂದರಿಂದ ಆರು. ಮುಂದಿನ ಭಾನುವಾರ ಒಂದೊಂದು ಚೇಂಬರಿಗೂ ಬೇರೆ ಕಾಗದ. ನಾಲ್ಕನೆಯದು ಸಿಕ್ಕಿಬಿತ್ತು. ನಳಿಗೆಗೆ ನೇರ ಕೂರುವುದರಲ್ಲಿ ಅದಕ್ಕೆ ಎಲ್ಲೋ ಚೂರು ತಕರಾರು.

"ಆರು ಜನ ಇರೋ ಮನೇಲಿ ಒಬ್ರು ಹಾಗಿರ್ತಾರೆ ಬಿಡಿ" ಅಂದಳು. ನಮ್ಮ ಮನೆಯಲ್ಲೂ ಆರು ಜನ. ಯಾರನ್ನು ಅಂತ ಕೇಳಲಿಲ್ಲ.

ನಾಲ್ಕನೆಯದನ್ನು ಖಾಲಿ ಬಿಟ್ಟು ಐದೇ ಹಾಕಿ ಮತ್ತೆ ನಾಲ್ಕು ಡಬ್ಬಿಯೂ ನೋಡಿದೆ. ಹಳದಿ ಗೆದ್ದಿತು. ನಾಲ್ಕರಲ್ಲಿ ಎಲ್ಲಕ್ಕಿಂತ ಅಗ್ಗದ್ದು, ಮೊದಲ ದಿನ ಅಕ್ಕಿ ರೊಟ್ಟಿ ಅಂತ ಬೈದದ್ದು. ಅಪ್ಪಟ ಕಡಂಬುಟ್ಟು, ಅದೂ ಚಿಕ್ಕ ಸೈಜಿನದು. ಆ ಕಾಗದವನ್ನು ಭಾವನ ಮನೆಗೇ ಹೋಗಿ ತೋರಿಸಿ ಬಂದೆ. ಉಳಿದದ್ದು ಹನ್ನೊಂದು ತೋಟೆ. ಅದೇ ಹಳದಿ ಡಬ್ಬಿ ಇನ್ನೊಂದು ತಂದು ಹೊಡೆದರೆ ಮತ್ತೆ ನೂಪುಟ್ಟು! ಡಬ್ಬಿಯ ಮಗ್ಗುಲಲ್ಲಿ ಸಣ್ಣಕ್ಷರದಲ್ಲಿ ಲಾಟ್ ನಂಬರ್, ಅಂದರೆ ಒಟ್ಟಿಗೆ ತಯಾರಾದ ಕಂತಿನ ನಂಬರ್, ಇತ್ತು, ಬೇರೆಯದು. ಬಲ್ಲವರು ಒಂದು ಲಾಟ್ ಹಿಡಿಸಿದರೆ ಅದನ್ನೇ ಒಟ್ಟಿಗೆ ಕೊಂಡುಬಿಡುತ್ತಾರಂತೆ. ಫೋನ್ ಮಾಡಿದೆ. ಹಳೇ ಲಾಟಿನದು ಒಂದೇ ಡಬ್ಬಿ ಇದೆ, ನಾಳೆವರೆಗೆ ಇಟ್ಟಿರ್ತೀನಿ ಅಂದರು ಅಂಗಡಿಯವರು.

ಬೆಳಗ್ಗೆ ಬೇಗ ಎದ್ದು ಹೊರಟೆ. ಮೆಣಸು ಕೊಯ್ಯಲು ಏಣಿ ನೋಡಿಕೊಂಡು ಬರ್ತೀನಿ, ಮೈಸೂರಿನಲ್ಲಿ ಚೆನ್ನಾಗಿರೋದು ಸಿಗುತ್ತಂತೆ ಅಂದೆ. ಅವಳು ಕಾಫಿ ಕೊಟ್ಟಳು. ಅಂಗಿಯ ಜೇಬು ನೋಡಿದಳು.

"ಏಣಿ ಕೊಳ್ಳೋಕೂ ಲೈಸೆನ್ಸ್ ಪುಸ್ತಕ ಬೇಕಾ ಈಗ?"